ಮುಖ ಬಿಡಿ, ಪಾದ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಮೊಘಲ್ ಆಸ್ಥಾನದ ನೃತ್ಯಚಿತ್ರ ಕಂಡ ಕೂಡಲೇ ಎಲ್ಲರ ಕಣ್ಣೂ ನರ್ತಕಿಯ ಮುಖಕ್ಕೇ ಹೋಗುತ್ತದೆ. ದಯವಿಟ್ಟು ಮುಖ ಬಿಡಿ, ಪಾದ ನೋಡಿ. ಮುಖಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಹಿಮ್ಮಡಿ ಎದ್ದಿದೆಯೇ? ಲಂಗದ ಅಂಚು ಅಗಲವಾಗಿ ಹರಡಿದೆಯೇ? ಓಢಣಿಯ ತುದಿ ಹಾರುತ್ತಿದೆಯೇ? ಹಾಗಾದರೆ ಆಕೆ ಸುತ್ತು ಹಾಕುತ್ತಿದ್ದಾಳೆ. ಅಂಚು ನೆಟ್ಟಗೆ ಇಳಿಬಿದ್ದಿದ್ದರೆ ನಿಂತಿದ್ದಾಳೆ, ಅಷ್ಟೇ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅಕ್ಬರನ ಆಳ್ವಿಕೆಯ ಚರಿತ್ರೆಯಾದ ಅಕ್ಬರನಾಮಾದ 116 ಚಿತ್ರಗಳಿವೆ. ಅವುಗಳಲ್ಲೊಂದರಲ್ಲಿ ಮಾಳವದ ರಾಜಧಾನಿ ಮಾಂಡುವಿನ ನರ್ತಕಿಯರು ಅಕ್ಬರನೆದುರು ಕುಣಿಯುತ್ತಿದ್ದಾರೆ. ಅವರು ಅಲ್ಲಿಗೆ ಬಂದದ್ದಾದರೂ ಹೇಗೆ? ಮಾಳವದ ಸುಲ್ತಾನ ಬಾಜ್ ಬಹಾದ್ದೂರನಿಗೆ ಸಂಗೀತದ ಹುಚ್ಚು. 1561ರಲ್ಲಿ ಸಾರಂಗಪುರದ ಬಳಿ ಅಕ್ಬರನ ಸೈನ್ಯಕ್ಕೆ ಸೋತು ಓಡಿಹೋದ. ಅವನ ಖಜಾನೆ, ಗಾಯಕರು, ನರ್ತಕಿಯರು ಎಲ್ಲ ಆ ಸೈನ್ಯದ ದಳಪತಿ ಅಧಮ್ ಖಾನನ ವಶವಾಯಿತು. ಈತ ಅಕ್ಬರನ ಸಾಕುತಾಯಿಯ ಮಗ, ಸಲುಗೆ ಜಾಸ್ತಿ. ಆಗ್ರಾಕ್ಕೆ ಒಂದಿಷ್ಟು ಆನೆ ಅಟ್ಟಿ, ಮಿಕ್ಕದ್ದನ್ನು ತಾನೇ ಇಟ್ಟುಕೊಂಡ. ಹದಿನೆಂಟರ ಅಕ್ಬರ್ ಹೇಳದೆ ಕೇಳದೆ ಕುದುರೆ ಓಡಿಸಿಕೊಂಡು ಬಂದೇಬಿಟ್ಟ. ಲೂಟಿಯನ್ನೆಲ್ಲ ಒಪ್ಪಿಸಬೇಕಾಯಿತು, ನರ್ತಕಿಯರ ಸಮೇತ. ಮರುವರ್ಷ ಇದೇ ಮಹಾಶಯ ಒಂದು ಕೊಲೆ ಮಾಡಿದ. ಅವನನ್ನು ಮಹಡಿಯಿಂದ ಕೆಳಕ್ಕೆ ಎಸೆಸಿದರು, ಒಮ್ಮೆ ಸಾಲದೆಂದು ಎರಡನೆಯ ಸಲವೂ! ಇರಲಿ. ಚಿತ್ರ ಬರೆದದ್ದು ಸುಮಾರು ಮೂವತ್ತು ವರ್ಷದ ಮೇಲೆ. ವಿನ್ಯಾಸ ಕೇಸು ಕಲಾನ್‌ನದು, ಬಣ್ಣ ಧರ್ಮದಾಸನದು. ಸೆರೆಯಾಳುಗಳ ಮುಖದಲ್ಲಿ ದುಃಖ ಹುಡುಕಬೇಡಿ, ಅದನ್ನು ಅವರು ಬರೆದಿಲ್ಲ. ತಮ್ಮ ಕಾಲದ ಕುಣಿತ ಬರೆದರು. ಅದು ಇರುವುದು ಪಾದದಲ್ಲಿ.

ಹೊತ್ತಾಯಿತು, ಬಣ್ಣದ ಮಾತು ಬೇಗ ಮುಗಿಸುತ್ತೇನೆ. ತೆಳು ಮಸ್ಲಿನ್ ಲಂಗ ಬರೆಯಲು ಮೊದಲು ಕಾಲು, ಪೈಜಾಮ ಪೂರ್ತಿ ಬರೆದು ಒಣಗಿಸಬೇಕು. ಆಮೇಲೆ ನೀರು ನೀರಾದ ಬಿಳಿ ಬಣ್ಣದ ಒಂದು ಕೈ. ಕೊನೆಗೆ ಅಳಿಲಿನ ಕೂದಲ ಕುಂಚದಿಂದ ನೆರಿಗೆ. ಬಿಳಿ ಗಟ್ಟಿಯಾದರೆ ಮಸ್ಲಿನ್ ಹೋಗಿ ಕಂಬಳಿಯಾಗುತ್ತದೆ, ಪಾದದ ಚಲನೆ ಮುಚ್ಚಿಹೋಗುತ್ತದೆ. ಬಟ್ಟೆಯ ಮೇಲೆ ಬೂದುಗಪ್ಪು ಕಲೆ ಕಂಡರೆ ನೆರಳೆಂದು ಮೋಸಹೋಗಬೇಡಿ. ಸೀಸದ ಬಿಳಿ ಗಾಳಿಯ ಗಂಧಕಕ್ಕೆ ಕಪ್ಪಾದದ್ದಿರಬಹುದು.

ನಮ್ಮ ಶಿವಗಂಗೆ ಹತ್ತಿರದ ಸಾತನೂರಿನ ಸಂಗೀತ ವಿದ್ವಾಂಸ ಪುಂಡರೀಕ ವಿಠ್ಠಲ ಅದೇ ಕಾಲದಲ್ಲಿ ಉತ್ತರಕ್ಕೆ ಹೋಗಿ, ಅಕ್ಬರನ ಮೆಚ್ಚುಗೆಗೆಂದು ಸಂಸ್ಕೃತದಲ್ಲಿ ‘ನರ್ತನನಿರ್ಣಯ’ ಎಂಬ ನೃತ್ಯಗ್ರಂಥ ಬರೆದ. ಅದರ ಅಧ್ಯಾಯಗಳಲ್ಲಿ ತಾಳದವನು, ಮೃದಂಗದವನು, ಹಾಡುವವನು ಆದ ಮೇಲೆಯೇ ನರ್ತನ. ನೀವೂ ಪಾದ ನೋಡಿಯಾದ ಮೇಲೆ ಮದ್ದಳೆಗಾರನ ಕೈ ನೋಡಿ. ಮುಖಕ್ಕೆ ಆಮೇಲೆ ಬಂದರಾಯಿತು. ನಮಸ್ಕಾರ.