ಬಾಳೆಕಾಯಿಯ ಹಡಗಿನಲ್ಲಿ ಮನುಷ್ಯರಿಗೊಂದು ಜಾಗ

ನಮಸ್ಕಾರ. ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಯ ಬಿಳಿ ಹಡಗುಗಳ ಬಗ್ಗೆ ಒಂದು ಕುಹಕದ ಮಾತಿತ್ತು: ಬಾಳೆ ಅತಿಥಿ, ಪ್ರಯಾಣಿಕ ಪೀಡೆ. ವಿನ್ಯಾಸ ಮಾಡುವವರು ಇದನ್ನು ನಗೆಚಾಟಿಕೆ ಎಂದು ಬಿಡುವ ಹಾಗಿಲ್ಲ. ಹಡಗಿನ ವೇಗ, ಹೊರಡುವ ದಿನ, ಹೊಟ್ಟೆಯ ಆಕಾರ ಎಲ್ಲವನ್ನೂ ಬಾಳೆಕಾಯಿಯೇ ನಿಶ್ಚಯಿಸುತ್ತದೆ. ಜನರಿಗೆ ಉಳಿದ ಜಾಗ. ಬ್ರಿಟನ್ನಿನಿಂದ ವೆಸ್ಟ್ ಇಂಡೀಸ್‌ಗೆ ಓಡುತ್ತಿದ್ದ 1949ರ ಗೋಲ್ಫಿಟೊ, 1956ರ ಕ್ಯಾಮಿಟೊ ಎಂಬ ಹಡಗುಗಳು ಸುಮಾರು ನೂರು ನೂರು ಪ್ರಯಾಣಿಕರನ್ನು ಹೀಗೆಯೇ ಒಯ್ದವು.

ಇಂದು ಅಂಥದೊಂದನ್ನು ಕಟ್ಟಲು ಕುಳಿತರೆ ಮೊದಲು ಇತ್ಯರ್ಥವಾಗಬೇಕಾದದ್ದು 12 ಎಂಬ ಸಂಖ್ಯೆ. ಸೋಲಾಸ್, ಅಂದರೆ ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 12 ಪ್ರಯಾಣಿಕರವರೆಗೆ ಅದು ಸರಕು ಹಡಗು. ಹದಿಮೂರನೆಯವರು ಹತ್ತಿದರೆ ಪ್ರಯಾಣಿಕರ ಹಡಗು. ಆಗ ನೀರು ನುಗ್ಗಿದರೆ ತೇಲುವ ಲೆಕ್ಕ ಬೇರೆ, ಬೆಂಕಿ ತಡೆಯುವ ಗೋಡೆಗಳು ಬೇರೆ, ಜೀವರಕ್ಷಕ ದೋಣಿಗಳ ಹಂಚಿಕೆ ಬೇರೆ. ಹದಿಮೂರರಿಂದ ಮೂವತ್ತರ ನಡುವೆ ನಿಲ್ಲುವುದು ನನ್ನ ಪ್ರಕಾರ ಶುದ್ಧ ನಷ್ಟ: ನೂರು ಜನರಿಗೆ ಮಾಡುವ ಖರ್ಚಿನ ಬಹುಪಾಲು ಹದಿನೈದು ಜನರಿಗೂ ಮಾಡಬೇಕಾಗುತ್ತದೆ. ಹನ್ನೆರಡಕ್ಕೇ ನಿಂತರೂ ಒಂದು ತೊಡಕಿದೆ. ಸರಕು ಹಡಗುಗಳ ಹಿಂತುದಿಯಿಂದ ನೇರ ನೀರಿಗೆ ಧುಮುಕುವ ದೋಣಿಯಲ್ಲಿ ಬೆನ್ನು ತಿರುಗಿಸಿ ಬೆಲ್ಟ್ ಕಟ್ಟಿ ಕೂರಬೇಕು. ಎಪ್ಪತ್ತರ ಅಜ್ಜಿಯನ್ನು ಅದರಲ್ಲಿ ಕೂರಿಸುವ ಬದಲು ಎರಡೂ ಪಕ್ಕಕ್ಕೆ ಇಳಿಸುವ ದೋಣಿಗಳನ್ನೇ ಇಡಿ.

ಈಗ ತೂಕ. ಬಾಳೆಕಾಯಿಯ ಒಂದು ಪೆಟ್ಟಿಗೆಯಲ್ಲಿ 18.14 ಕಿಲೋ ಇರುತ್ತದೆ. ಜೋಡಿಸಿದಾಗ ಗಾಳಿಯ ಸಂದೂ ಸೇರಿ ಟನ್ನಿಗೆ ಮೂರು ಘನ ಮೀಟರಿಗಿಂತ ಹೆಚ್ಚು ಜಾಗ ಹೋಗುತ್ತದೆ. ಅಂದರೆ ಹೊಟ್ಟೆ ತುಂಬಿದರೂ ಹಡಗು ಆಳಕ್ಕೆ ಕೂರುವುದಿಲ್ಲ. ಇಂಥ ಹಗುರ ಹಡಗಿನ ತಲೆಯ ಮೇಲೆ ಕ್ಯಾಬಿನ್ನು, ಊಟದ ಕೋಣೆ ಹೇರಿದರೆ ಏನಾಗುತ್ತದೆ ನೋಡಿ. ಒಟ್ಟು 12,000 ಟನ್ ತೂಗುವ ಹಡಗು, ಅದರ ಭಾರಕೇಂದ್ರ ತಳದಿಂದ 8.5 ಮೀಟರ್ ಎತ್ತರದಲ್ಲಿ. 18 ಮೀಟರ್ ಎತ್ತರದಲ್ಲಿ 300 ಟನ್ ಮನೆ ಕಟ್ಟಿದಿರಿ. ಭಾರಕೇಂದ್ರ 23 ಸೆಂಟಿಮೀಟರ್ ಮೇಲೇರಿತು, ಹಡಗು ಮಗುಚದಂತೆ ಕಾಯುವ ಸ್ಥಿರತಾ ಅಂತರ ಸುಮಾರು ಅಷ್ಟೇ ಕುಗ್ಗಿತು. ಸರಕು ಹಡಗಿಗೆ ನಿಯಮ ಕೇಳುವ ಈ ಅಂತರವೇ, ಅಂದರೆ ಜಿಎಂ, ಕನಿಷ್ಠ 15 ಸೆಂಟಿಮೀಟರ್.

ಹಾಗೆಂದು ಭಾರಕೇಂದ್ರ ಇಳಿಸಲು ತಳದ ತೊಟ್ಟಿಗಳಿಗೆ ಕಂಡಾಪಟ್ಟೆ ನೀರು ತುಂಬಿಸಿದರೆ ಎದುರು ದಿಕ್ಕಿನ ತಾಪತ್ರಯ. 21 ಮೀಟರ್ ಅಗಲದ ಹಡಗಿಗೆ ಜಿಎಂ 0.6 ಮೀಟರ್ ಇದ್ದರೆ ಒಂದು ಹೊಯ್ದಾಟಕ್ಕೆ ಸುಮಾರು 22 ಸೆಕೆಂಡು, 2.5 ಮೀಟರ್ ಆದರೆ ಹತ್ತು ಹನ್ನೊಂದು ಸೆಕೆಂಡಿಗೇ ಎಳೆದು ಬಿಸಾಡಿದಂತೆ ವಾಲುತ್ತದೆ. ಬಾಳೆಕಾಯಿಗೆ ವಾಂತಿ ಬರುವುದಿಲ್ಲ, ಜನರಿಗೆ ಬರುತ್ತದೆ. ಅದರಲ್ಲೂ ಕಾಯಿ ತರಲು ಹೋಗುವಾಗ ಹಡಗಿನ ಹೊಟ್ಟೆ ಖಾಲಿ, ಜನ ಮಾತ್ರ ಮೇಲೆ. ಹಾಗಾಗಿ ಖಾಲಿ ಪ್ರಯಾಣದ ಲೆಕ್ಕವನ್ನೇ ಮೊದಲು ಮಾಡಿ.

ತಂಪಿನ ವಿಷಯಕ್ಕೆ ಬರೋಣ. 28 ಡಿಗ್ರಿ ಬಿಸಿಯಲ್ಲಿ ಬಂದ 3,000 ಟನ್ ಕಾಯಿಯನ್ನು 13.5 ಡಿಗ್ರಿಗೆ ಇಳಿಸಬೇಕು. ಕಿಲೋಗೆ ಡಿಗ್ರಿಗೆ 3.4 ಕಿಲೋಜೂಲ್ ಹಿಡಿದರೆ, 36 ಗಂಟೆಯಲ್ಲಿ ಮುಗಿಸಲು ಸುಮಾರು 1,140 ಕಿಲೋವ್ಯಾಟ್ ಶಾಖ ಹೊರಹಾಕಬೇಕು. ಒಂದೇ ದಿನದಲ್ಲಿ ಎಂದರೆ 1,700. ಇದರ ಮುಂದೆ ಗೋಡೆಯಿಂದ ಒಳಬರುವ ಶಾಖ ಲೆಕ್ಕಕ್ಕಿಲ್ಲ: 4,000 ಚದರ ಮೀಟರ್ ಗೋಡೆಯಲ್ಲಿ, ಚದರ ಮೀಟರಿಗೆ ಡಿಗ್ರಿಗೆ 0.4 ವ್ಯಾಟ್ ಸೋರಿದರೆ, ಹೊರಗೆ 30 ಡಿಗ್ರಿ ಇದ್ದಾಗ 27 ಕಿಲೋವ್ಯಾಟ್ ಕೂಡ ಆಗುವುದಿಲ್ಲ. ಕಾಯಿ ಉಸಿರಾಡಿ ಬಿಡುವ ಶಾಖ, ಫ್ಯಾನುಗಳೇ ಹುಟ್ಟಿಸುವ ಶಾಖ ಇದಕ್ಕಿಂತ ದೊಡ್ಡವು. ಕಾಯಿ ತಣ್ಣಗಾದ ಮೇಲೆ ಫ್ಯಾನಿನ ವೇಗ ಅರ್ಧಕ್ಕೆ ಇಳಿಸಿ; ಅದು ಎಳೆಯುವ ವಿದ್ಯುತ್ತು ಎಂಟನೇ ಒಂದು ಭಾಗಕ್ಕೆ ಬೀಳುತ್ತದೆ. ರಾತ್ರಿ ಮೇಲಿನವರಿಗೂ ನಿದ್ದೆ.

ಎಡವಟ್ಟಾಗುವುದು ಹೆಚ್ಚಾಗಿ ಸಣ್ಣ ಕಡೆ. ಹಸಿ ಬಾಳೆಗೆ ಕೊಡುವ ಗಾಳಿ ಸುಮಾರು 13.3 ಡಿಗ್ರಿ. ಸೆನ್ಸರ್ ಒಂದು ಡಿಗ್ರಿ ಹೆಚ್ಚು ತೋರಿಸುತ್ತಿದ್ದರೆ ನಿಜವಾದ ಗಾಳಿ 12.3; ಸಿಪ್ಪೆ ಬೂದು ತಿರುಗಲು ಅಷ್ಟು ಸಾಕು, ಮತ್ತು ಅದು ಕಾಣುವುದು ಊರು ಮುಟ್ಟಿ ಹಣ್ಣು ಮಾಡಿದ ಮೇಲೆ. ಮೈನಸ್ 18ರ ಮಾಂಸಕ್ಕೆ ಅದೇ ತಪ್ಪು ಗೊತ್ತೂ ಆಗದು. ಪ್ರತಿ ಸರಕು ಹತ್ತಿಸುವ ಮುನ್ನ ಸೆನ್ಸರನ್ನು ಪುಡಿ ಮಂಜುಗಡ್ಡೆಯ ನೀರಲ್ಲಿಟ್ಟು ಸೊನ್ನೆ ತೋರುತ್ತದೆಯೇ ನೋಡಿ. ಗಾಳಿ ಕೆಳಗಿನ ಜಾಲರಿಯಿಂದ ಮೇಲಕ್ಕೆ ಹೋಗಬೇಕು. ಪೆಟ್ಟಿಗೆಗಳ ನಡುವೆ ದೊಡ್ಡ ಸಂದು ಬಿಟ್ಟರೆ ಅದು ಸುಲಭದ ದಾರಿ ಹಿಡಿದು ಕಾಯಿ ಮುಟ್ಟದೆ ತಪ್ಪಿಸಿಕೊಳ್ಳುತ್ತದೆ. ಕಾಯಿಯನ್ನು ಹಣ್ಣಾಗಿಸುವ ಎಥಿಲೀನ್ ಅನಿಲ ಹೊರಹೋಗಲು ಹೊಸ ಗಾಳಿಯೂ ಬೇಕು. ಆ ಹಳಸಿದ ಗಾಳಿಯ ಬಾಯಿ ಕ್ಯಾಬಿನ್ನಿನ ಎಸಿ ಗಾಳಿ ಎಳೆಯುವ ಕಡೆ ತೆರೆದಿರಬಾರದು.

ಹೊಟ್ಟೆಯ ಗೋಡೆಗೆ ಪಾಲಿಯುರೆಥೇನ್ ನೊರೆ ಬಳಸಬಹುದು, ಆದರೆ ಅದು ಉರಿಯುತ್ತದೆ, ಹೊಗೆ ವಿಷ. ಕ್ಯಾಬಿನ್ ಮತ್ತು ಸರಕಿನ ನಡುವಿನ ಡೆಕ್ಕಿಗೆ ಉರಿಯದ ಕಲ್ಲುಣ್ಣೆಯ (ರಾಕ್ ವುಲ್) ಹೊದಿಕೆ ಕೊಡಿ. ಆವಿ ತಡೆಯುವ ಪದರ ಯಾವಾಗಲೂ ಬೆಚ್ಚಗಿನ ಬದಿಗೆ. ತಿರುಗುಮುರುಗಾದರೆ ಉಣ್ಣೆ ನೀರು ಕುಡಿದು, ವರ್ಷಗಳ ಮೇಲೆ ಕಾರ್ಪೆಟ್ಟಿನಡಿ ತುಕ್ಕು ಕಾಣುತ್ತದೆ. ತಂಪು ಮಾಡುವುದು ಅಮೋನಿಯಾ ಯಂತ್ರಗಳಾದರೆ ಅವು ಪ್ರತ್ಯೇಕ ಕೋಣೆಯಲ್ಲಿರಲಿ, ಬಾಗಿಲು ನೇರ ಹೊರಗೆ ತೆರೆಯಲಿ, ಸರಕಿನ ಕಡೆಗೆ ಹೋಗುವುದು ತಣ್ಣಗಿನ ಉಪ್ಪುನೀರು ಮಾತ್ರ. ಅಮೋನಿಯಾ ಅನಿಲ 300 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ, ತಲುಪಿದರೆ ಜೀವಕ್ಕೇ ಅಪಾಯ.

ಜನರೇಟರುಗಳ ಅಳತೆ ನಿರ್ಧರಿಸುವುದು ಒಂದು ಸಂಜೆ: ಉಷ್ಣವಲಯದ ಬಂದರು ಬಿಡುವ ಸಂಜೆ. ಬಿಸಿ ಕಾಯಿ ಈಗಷ್ಟೇ ತುಂಬಿದೆ, ಪ್ರಯಾಣಿಕರು ಹತ್ತಿ ಎಲ್ಲ ಎಸಿ ಓಡುತ್ತಿದೆ, ಅಡುಗೆಮನೆಯ ಒಲೆಗಳು ಉರಿಯುತ್ತಿವೆ, ಹಡಗಿನ ಮೂತಿಯನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್ ಕೂಡ ಬೇಕು. ಒಂದು ಜನರೇಟರ್ ಕೈಕೊಟ್ಟರೆ ವಿದ್ಯುತ್ತು ತಾನಾಗಿ ಕಡಿತವಾಗುವ ಸರದಿಯಲ್ಲಿ ಮೊದಲು ಬಾಳೆಯ ಕಂಪ್ರೆಸರುಗಳನ್ನೇ ಹಾಕಿ. ಟನ್ನಿಗೆ 50 ವ್ಯಾಟ್ ಉಸಿರಾಟದ ಶಾಖ ಹಿಡಿದರೂ 3,000 ಟನ್ ಕಾಯಿ ಒಂದು ಡಿಗ್ರಿ ಏರಲು ಸರಾಸರಿ ಹತ್ತೊಂಬತ್ತು ಗಂಟೆ ಬೇಕು. ಅರ್ಧ ಗಂಟೆ ಅತಿಥಿ ಕಾಯಬಲ್ಲ, ಚುಕ್ಕಾಣಿ ಕಾಯಲಾರದು.