ಕಳೆದುಹೋದದ್ದರ ಕೆಲಸ ಏನಾಗಿತ್ತು?

ಕೇಳುಗರಿಗೆ ನಮಸ್ಕಾರ.

ಹಳೇ ಕಾರಿನ ಎಂಜಿನ್ ಬಿಚ್ಚಿ, ಸಾಮಾನೆಲ್ಲ ಡಬ್ಬಗಳಲ್ಲಿ ತುಂಬಿಟ್ಟು, ಈಗ ಕೂಡಿಸಲು ಕೂತವರು ನನ್ನ ಮಾತು ಕೇಳುತ್ತಿದ್ದೀರಿ ಅಂದುಕೊಂಡಿದ್ದೇನೆ. ಬಿಚ್ಚುವಾಗ ಹುಮ್ಮಸ್ಸು ಇತ್ತು. ಯಾವುದು ಎಲ್ಲಿಯದು ಅಂತ ಬರೆದಿಟ್ಟುಕೊಳ್ಳಲಿಲ್ಲ, ನೆನಪಿರುತ್ತದೆ ಅಂದುಕೊಂಡಿರಿ. ಆರು ತಿಂಗಳು ಕಳೆಯಿತು. ಈಗ ಏನೋ ಒಂದು ಸಿಗುತ್ತಿಲ್ಲ. ಒಂದು ಬೋಲ್ಟೋ, ಒಂದು ವಾಷರೋ. ಅಲ್ವಾ?

ಆಗ ಎಲ್ಲರೂ ಕೇಳುವುದು, "ಇಂಥದ್ದು ಎಲ್ಲಿ ಸಿಗುತ್ತೆ?" ಅದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು, "ಅದರ ಕೆಲಸ ಏನಾಗಿತ್ತು?" ಇದೊಂದು ಮಾತು ಹೇಳಲಿಕ್ಕೇ ನಾನು ಬಂದಿರುವುದು. ನಿಮಗೆ ಬೇಜಾರಾದರೂ ನಾಲ್ಕೈದು ಸಲ ಹೇಳುತ್ತೇನೆ.

ಎಂಜಿನ್ನಿನಲ್ಲಿ ಸುಮ್ನೆ ಕೂತಿರುವ ಸಾಮಾನು ಒಂದೂ ಇಲ್ಲ. ಒಂದು ಭಾರ ಹೊರುತ್ತದೆ. ಒಂದು ಎಣ್ಣೆ ತಡೆಯುತ್ತದೆ. ಒಂದು ಸಂದು ಎಷ್ಟಿರಬೇಕೋ ಅಷ್ಟೇ ಇರುವಂತೆ ಕಾಯುತ್ತದೆ. ಇನ್ನೊಂದು ಎರಡು ಭಾಗಗಳನ್ನು ಅಲುಗದಂತೆ ಹಿಡಿಯುತ್ತದೆ. ಕಳೆದುಹೋದದ್ದು ಇವುಗಳಲ್ಲಿ ಯಾವ ಕೆಲಸ ಮಾಡುತ್ತಿತ್ತು ಅಂತ ತಿಳಿದರೆ, ಅದರ ಜಾಗಕ್ಕೆ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಅನ್ನುವುದು ತಾನಾಗಿ ತಿಳಿಯುತ್ತದೆ.

ನನಗೆ ಈ ಬುದ್ಧಿ ಬಂದದ್ದು ಹೇಗೆ ಅಂತ ಹೇಳುತ್ತೇನೆ. ತಪ್ಪು ನನ್ನದೇ, ಹಾಗಾಗಿ ಹೇಳಲು ಅಡ್ಡಿಯಿಲ್ಲ.

ನಾಲ್ಕು ಸಿಲಿಂಡರಿನ ಒಂದು ಹಳೇ ಎಂಜಿನ್ ನನ್ನ ಕೈಗೆ ಬಂದಿತ್ತು. ಬ್ಲಾಕನ್ನು, ಅಂದರೆ ಎಂಜಿನ್ನಿನ ಮುಖ್ಯ ಒಡಲನ್ನು, ಒಳಗೂ ಹೊರಗೂ ತೊಳೆಸಿದ್ದೆ. ತೊಳೆಯುವಾಗ ಎಣ್ಣೆ ಕಾಲುವೆಗಳ ಬಾಯಿಗೆ ಹಾಕಿದ ಪ್ಲಗ್‌ಗಳನ್ನು ಬಿಚ್ಚಬೇಕು. ಇಲ್ಲದಿದ್ದರೆ ಒಳಗಿನ ಹಳೇ ಕೊಳೆ ಹೋಗುವುದಿಲ್ಲ. ಬಿಚ್ಚಿದ್ದು ಸರಿ. ವಾಪಸ್ ಹಾಕುವಾಗ ಮುಂಭಾಗದಲ್ಲಿ, ವಾಲ್ವುಗಳನ್ನು ನಡೆಸುವ ಟೈಮಿಂಗ್ ಚೈನಿನ ಹಿಂದೆ, ಥ್ರೆಡ್ ಇರುವ ಒಂದು ತೂತು ಖಾಲಿ ಉಳಿಯಿತು. ಡಬ್ಬದಲ್ಲಿ ಮಾತ್ರ ಪ್ಲಗ್ ಉಳಿದಿರಲಿಲ್ಲ. ನಾನು ಏನು ಮಾಡಿದೆ? "ಕಾರ್ಖಾನೆಯಲ್ಲಿ ಬ್ಲಾಕ್ ಹಿಡಿದು ಕೂರಿಸಲು ಮಾಡಿದ ತೂತಿರಬೇಕು" ಅಂದುಕೊಂಡೆ. ಯಾರೂ ಹೇಳಿದ್ದಲ್ಲ. ನನಗೆ ಅನುಕೂಲವಾಗಿತ್ತು, ಅಷ್ಟೇ.

ಎಂಜಿನ್ ಕೂಡಿಸಿದೆ. ಸ್ಪಾರ್ಕ್ ಪ್ಲಗ್ ತೆಗೆದು ಸ್ಟಾರ್ಟರ್‌ನಿಂದ ತಿರುಗಿಸಿದೆ. ಆಯಿಲ್ ಪ್ರೆಶರ್ ಮುಳ್ಳು ಏಳಲೇ ಇಲ್ಲ. ಗೇಜ್ ಕೆಟ್ಟಿದೆ ಅಂತ ಗೇಜ್ ಬದಲಿಸಿದೆ. ಮುಳ್ಳು ಏಳಲಿಲ್ಲ. ತಳದ ಎಣ್ಣೆ ತಟ್ಟೆ, ಅಂದರೆ ಸಂಪ್, ಇಳಿಸಿ ಆಯಿಲ್ ಪಂಪ್ ಬಿಚ್ಚಿದೆ, ಗೇರಿನ ಸಂದು ಅಳೆದೆ, ಸರಿಯಾಗೇ ಇತ್ತು. ಪ್ರೆಶರ್ ಹೆಚ್ಚಾದಾಗ ತೆರೆದುಕೊಳ್ಳುವ ರಿಲೀಫ್ ವಾಲ್ವಿನ ಸ್ಪ್ರಿಂಗ್ ನೋಡಿದೆ. ಪಂಪಿನ ಪೈಪು ಗಾಳಿ ಎಳೆಯುತ್ತಿದೆಯೇನೋ ಅಂತ ಅದನ್ನೂ ಬಿಚ್ಚಿ ಕಟ್ಟಿದೆ. ಮೂರು ದಿನ ಹೋಯಿತು.

ಕೊನೆಗೆ ಲೇತ್ ಕೆಲಸದ ಒಬ್ಬ ಹಿರಿಯ ಮೇಸ್ತ್ರಿಯನ್ನು ಕರೆದೆ. ಅವರು ಎಂಜಿನ್ ಮುಟ್ಟಲೇ ಇಲ್ಲ. "ಮುಂದಿನ ಕವರ್ ಬಿಚ್ಚಪ್ಪ, ಡಿಸ್ಟ್ರಿಬ್ಯೂಟರ್ ಎತ್ತು" ಅಂದರು. ಆ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕೂರುವ ತೂತಿನಿಂದಲೇ ಪಂಪಿನ ಶಾಫ್ಟ್ ಕೈಗೆ ಸಿಗುತ್ತಿತ್ತು. ಅದಕ್ಕೆ ಡ್ರಿಲ್ ಮೆಷಿನ್ ಹಚ್ಚಿ ಪಂಪ್ ತಿರುಗಿಸಿದೆವು. ನಾನು "ಕಾರ್ಖಾನೆಯ ತೂತು" ಅಂದುಕೊಂಡಿದ್ದೆನಲ್ಲ, ಅಲ್ಲಿಂದ ಎಣ್ಣೆ ಕಾರಂಜಿಯ ಹಾಗೆ ಹಾರಿ ನನ್ನ ಅಂಗಿಯ ಮೇಲೆ ಬಿತ್ತು. ಪಂಪ್ ಕೊಟ್ಟ ಎಣ್ಣೆಯೆಲ್ಲ ಬೇರಿಂಗ್‌ಗಳಿಗೆ ಹೋಗುವ ಬದಲು ಇಲ್ಲಿಂದ ಹೊರಗೆ ಓಡುತ್ತಿತ್ತು.

ನನಗೆ ಎಷ್ಟು ಅವಸರ ಅಂದರೆ, ಕೈಗೆ ಸಿಕ್ಕ ಒಂದು ಬೋಲ್ಟ್ ತಂದು ತಿರುಗಿಸಲು ಹೋದೆ. ಮೇಸ್ತ್ರಿ ಕೈ ಹಿಡಿದರು. "ಕಳೆದುಹೋಯಿತಲ್ಲ ಪ್ಲಗ್ಗು, ಅದರ ಕೆಲಸ ಏನು?" ಅಂತ ಕೇಳಿದರು. "ಎಣ್ಣೆ ತಡೆಯೋದು" ಅಂದೆ. "ಹಾಗಾದರೆ ಬೋಲ್ಟ್ ತಡೆಯೋದಿಲ್ಲ. ಇಂಥಾ ಪ್ಲಗ್ಗಿನ ಥ್ರೆಡ್ ತುದಿಗೆ ಹೋದ ಹಾಗೆ ಸಣ್ಣದಾಗುತ್ತೆ, ಬಿಗಿದಷ್ಟೂ ಕಚ್ಚಿಕೊಳ್ಳುತ್ತೆ. ನಿನ್ನ ಬೋಲ್ಟ್ ಉದ್ದಕ್ಕೂ ಒಂದೇ ದಪ್ಪ. ಮೇಲಾಗಿ ಅದು ಉದ್ದ. ಒಳಗೆ ಹೋಗಿ ಅಡ್ಡ ಕಾಲುವೆಗೆ ಅಡ್ಡ ನಿಂತರೆ ಮುಂಭಾಗದ ಬೇರಿಂಗಿಗೆ ಎಣ್ಣೆಯೇ ಇಲ್ಲ."

ಇಷ್ಟಕ್ಕೇ ಮುಗಿಯಲಿಲ್ಲ. "ಇನ್ನೂ ಏನಾದರೂ ಕೆಲಸ ಇತ್ತಾ ಅದಕ್ಕೆ?" ಅಂದರು. ನನಗೆ ಸಿಟ್ಟು ಬಂತು. ಪ್ಲಗ್ಗಿಗೆ ಇನ್ನೇನು ಕೆಲಸ? ಅವರು ಚೈನ್ ತೋರಿಸಿದರು. "ಇದಕ್ಕೆ ಎಣ್ಣೆ ಎಲ್ಲಿಂದ ಬರುತ್ತೆ, ಹೇಳು." ಹುಡುಕಿದೆ. ಚೈನಿಗೆ ಎಣ್ಣೆ ಬರುವ ದಾರಿ ಬೇರೆ ಎಲ್ಲೂ ಇರಲಿಲ್ಲ. ಪಾರ್ಟ್ಸ್ ಪುಸ್ತಕ ತೆಗೆದು ನೋಡಿದರೆ ಚಿತ್ರದಲ್ಲೇ ಇತ್ತು. ಆ ಪ್ಲಗ್ಗಿನ ನಡುವೆ ಸೂಜಿಯಷ್ಟು ಸಣ್ಣ ತೂತು, ಸುಮಾರು 1 ಮಿಲಿಮೀಟರಿನದು. ಎಣ್ಣೆ ತಡೆಯುವುದು ಒಂದು ಕೆಲಸ. ಸಣ್ಣ ಧಾರೆಯೊಂದನ್ನು ಚೈನಿನ ಮೇಲೆ ಚಿಮ್ಮಿಸುವುದು ಇನ್ನೊಂದು. ನಾನು ಗಟ್ಟಿ ಪ್ಲಗ್ ಹಾಕಿದ್ದರೆ ಮುಳ್ಳು ಚೆನ್ನಾಗಿ ಏಳುತ್ತಿತ್ತು, ನಾನೂ ಖುಷಿಯಾಗಿರುತ್ತಿದ್ದೆ. ಚೈನ್ ಮಾತ್ರ ಒಣಗಿಕೊಂಡೇ ಓಡಿ ಸವೆಯುತ್ತಿತ್ತು. ಅಂದ ಹಾಗೆ, ಆ ಪಾರ್ಟ್ಸ್ ಪುಸ್ತಕ ಮೂರೂ ದಿನ ನನ್ನ ಮೇಜಿನ ಮೇಲೇ ಇತ್ತು. ಅದರ ಮೇಲೆ ಪಾನಾ ಇಟ್ಟಿದ್ದೆ.

ನನಗೆ ಕೊಟ್ಟ ಹತ್ತು ನಿಮಿಷದಲ್ಲಿ ಅರ್ಧ ಈ ಕತೆಗೇ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಬೇರಿಂಗ್ ಕ್ಯಾಪ್. ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಕೂಡಿಸುವ ಕನೆಕ್ಟಿಂಗ್ ರಾಡಿನ ಕೆಳತುದಿಯ ತೂತಿನ ಅರ್ಧ ಭಾಗ, ಅಂದರೆ ಅದರ ಕ್ಯಾಪ್, ಕಳೆದಿದೆ ಅಂದುಕೊಳ್ಳಿ. ಅದೇ ಕಾರಿನ ಇನ್ನೊಂದು ಎಂಜಿನ್ನಿನ ಕ್ಯಾಪ್ ತಂದು ಹಾಕುತ್ತೇನೆ ಅನ್ನುತ್ತಾರೆ. ನೋಡಲು ಒಂದೇ ಥರ ಇರುತ್ತದೆ, ನಿಜ. ಅದರ ಕೆಲಸ ಏನಾಗಿತ್ತು? ರಾಡಿನ ಜೊತೆ ಸೇರಿ ಒಂದು ದುಂಡು ತೂತಾಗುವುದು. ಆ ತೂತನ್ನು ಎರಡನ್ನೂ ಕೂಡಿಸಿ ಬಿಗಿದ ಮೇಲೆಯೇ ಕೊರೆದಿರುತ್ತಾರೆ. ಅದಕ್ಕೇ ರಾಡಿಗೂ ಕ್ಯಾಪಿಗೂ ಒಂದೇ ನಂಬರ್ ಹೊಡೆದಿರುವುದು. ಬೇರೆ ಕ್ಯಾಪ್ ಹಾಕಿದರೆ ತೂತು ದುಂಡಗಿರುವುದಿಲ್ಲ. 50 ಮಿಲಿಮೀಟರ್ ದಪ್ಪದ ಶಾಫ್ಟಿಗೆ ಅಲ್ಲಿರುವ ಎಣ್ಣೆಯ ಸಂದು ಸುಮಾರು 0.05 ಮಿಲಿಮೀಟರ್. ತಲೆಕೂದಲು ಅದಕ್ಕಿಂತ ದಪ್ಪ ಇರಬಹುದು. ಅಷ್ಟರಲ್ಲಿ ಕಣ್ಣಳತೆಗೆ ಜಾಗ ಎಲ್ಲಿದೆ? ಜೋಡಿಯಾಗಿಯೇ ಬೇರೆ ರಾಡ್ ತನ್ನಿ, ಉಳಿದ ರಾಡುಗಳ ತೂಕಕ್ಕೆ ಹೊಂದಿಸಿ. ಇಲ್ಲವೇ ಮೆಷಿನ್ ಶಾಪಿನಲ್ಲಿ ಕೂಡುವ ಮುಖಗಳನ್ನು ಸ್ವಲ್ಪ ಉಜ್ಜಿಸಿ, ಬಿಗಿದು, ಮತ್ತೆ ದುಂಡಗೆ ಮಾಡಿಸಿ. ಬ್ಲಾಕಿನ ಮೇನ್ ಬೇರಿಂಗ್ ಕ್ಯಾಪ್ ಕಳೆದರೆ ಇನ್ನೂ ಜಾಸ್ತಿ ಕೆಲಸ. ಅಲ್ಲಿ ಎಲ್ಲ ತೂತುಗಳನ್ನೂ ಒಂದೇ ಗೆರೆಗೆ ಕೊರೆಸಬೇಕು.

ಇನ್ನು ಬೋಲ್ಟ್. 5/16 ಇಂಚಿನ ಬೋಲ್ಟ್ ಅಳೆದರೆ 7.94 ಮಿಲಿಮೀಟರ್. ಎಂಟು ಮಿಲಿಮೀಟರಿನ ಬೋಲ್ಟೇ ಅನ್ನಿಸುತ್ತದೆ. ಥ್ರೆಡ್ ಬೇರೆ. ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿ ಬರುತ್ತದೆ. ಪಾನಾ ಹಾಕಿ ಒತ್ತುತ್ತೀರಿ, ಬ್ಲಾಕಿನ ಥ್ರೆಡ್ ಹೋಗುತ್ತದೆ. ಥ್ರೆಡ್ ಗೇಜ್ ಇಟ್ಟು ನೋಡಲು ಅರ್ಧ ನಿಮಿಷ ಸಾಕು. ಆಮೇಲೆ ಬೋಲ್ಟಿನ ತಲೆ ನೋಡಿ. ಮಿಲಿಮೀಟರ್ ಬೋಲ್ಟಾದರೆ 8.8, 10.9 ಅಂತ ಬರೆದಿರುತ್ತದೆ. ಅಂಕಿ ದೊಡ್ಡದಾದಷ್ಟೂ ಬಲ ಹೆಚ್ಚು. ಕವರ್ ಹಿಡಿಯುವ ಬೋಲ್ಟನ್ನು ರಾಡಿಗೆ ಹಾಕಬೇಡಿ. ದಯವಿಟ್ಟು.

ಗ್ಯಾಸ್ಕೆಟ್, ಅಂದರೆ ಎರಡು ಭಾಗಗಳ ನಡುವೆ ಸೋರದಂತೆ ಇಡುವ ತೆಳು ಹಾಳೆ, ಅದರ ಬಗ್ಗೆ ಒಂದೇ ಮಾತು. ನೀರಿನ ಪಂಪಿನ ಗ್ಯಾಸ್ಕೆಟ್ ನೀವೇ ಕತ್ತರಿಸಬಹುದು, ನೀರು ತಡೆದರೆ ಆಯಿತು. ಕೆಲವು ಆಯಿಲ್ ಪಂಪುಗಳ ಕವರಿಗೂ ಕಾಗದದ ಗ್ಯಾಸ್ಕೆಟ್ ಇರುತ್ತದೆ. ಅಲ್ಲಿ ಗೇರಿಗೂ ಕವರಿಗೂ ನಡುವಿನ ಸಂದು ಎಷ್ಟಿರಬೇಕು ಅನ್ನುವುದನ್ನು ಕಾಗದದ ದಪ್ಪವೇ ನಿರ್ಧರಿಸುತ್ತದೆ. ದಪ್ಪ ಕಾಗದ ಹಾಕಿದಿರೋ, ಪ್ರೆಶರ್ ಬಿತ್ತು. ಎರಡೂ ಕಾಗದವೇ, ಕೆಲಸ ಮಾತ್ರ ಬೇರೆ.

ಇನ್ನೊಂದು ಹೇಳಿಬಿಡುತ್ತೇನೆ, ಇದನ್ನೇ ಮೊದಲು ಹೇಳಬೇಕಿತ್ತು. ಕಳೆದದ್ದು ನಿಜವಾಗಿ ಕಳೆದಿದೆಯಾ ನೋಡಿ. ವಾಲ್ವಿನ ಲಾಕು, ಪಿಸ್ಟನ್ ಪಿನ್ನಿನ ಸರ್ಕ್ಲಿಪ್, ಚಿಕ್ಕ ವಾಷರ್, ಇವು ನೆಲಕ್ಕೆ ಬೀಳುವ ಬದಲು ಎಂಜಿನ್ ಒಳಗೇ ಬಿದ್ದಿರಬಹುದು. ಸಂಪ್ ಹಾಕುವ ಮುಂಚೆ ಟಾರ್ಚ್ ಹಿಡಿದು ಒಳಗೆ ನೋಡಿ. ದಾರದ ತುದಿಗೆ ಮ್ಯಾಗ್ನೆಟ್ ಕಟ್ಟಿ ಮೂಲೆಗಳಲ್ಲಿ ಆಡಿಸಿ. ಅಲ್ಯೂಮಿನಿಯಂ, ಹಿತ್ತಾಳೆ ಅದಕ್ಕೆ ಅಂಟುವುದಿಲ್ಲ, ಅವಕ್ಕೆ ಬೆರಳೇ ಬೇಕು. ಹೊಸ ವಾಷರ್ ಹಾಕಿ ಎಂಜಿನ್ ಮುಚ್ಚಿದ ಮೇಲೆ ಹಳೆಯದು ಒಳಗಿಂದ ಟಣ್ ಅಂತ ಸದ್ದು ಮಾಡಿದರೆ, ಮತ್ತೆ ಮೊದಲಿಂದ ಬಿಚ್ಚಬೇಕಾಗುತ್ತದೆ.

ನಮಸ್ಕಾರ.