ಗಾಜು ಒರೆಸುವಾಗ ಬಿದ್ದರೆ: ಪರಿಹಾರದ ಹಣ ಕೈಸೇರುವ ದಾರಿ

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಮುಗಿದು ಗೋಕರ್ಣ, ಮುರ್ಡೇಶ್ವರ, ಕಾರವಾರದ ಲಾಡ್ಜು, ರೆಸಾರ್ಟುಗಳು ಸೀಸನ್ನಿಗೆ ತಯಾರಾಗುವ ಹೊತ್ತಿನಲ್ಲೇ ಗಾಜು ಒರೆಸುವವರಿಗೆ ಕೈತುಂಬ ಕೆಲಸ. ನಾಲ್ಕು ತಿಂಗಳ ಮಳೆಗೆ ಕಿಟಕಿ ಮೇಲಿನ ಸಜ್ಜಾದಲ್ಲಿ ಹಾವಸೆ ಕಟ್ಟಿರುತ್ತದೆ. ಕಡಲಿಗೆ ಮುಖ ಮಾಡಿದ ಗಾಜಿನ ಮೇಲೆ ಉಪ್ಪು ಗಟ್ಟಿಯಾಗಿ ಕೂತಿರುತ್ತದೆ. ಎರಡನ್ನೂ ತೆಗೆಯಬೇಕು, ಅದೂ ಬುಕಿಂಗ್ ಶುರುವಾಗುವ ಮೊದಲು, ಅವಸರದಲ್ಲಿ. ಬೀಳುವುದು ಆಗಲೇ.

ಬೀಳುವ ಬಗೆಗಳು ನಿಮಗೆ ಗೊತ್ತಿರುವಂಥವೇ. ಹಾವಸೆ ಹಿಡಿದ ಟೈಲ್ಸ್ ಮೇಲೆ ಏಣಿಯ ಕಾಲು ಜಾರುತ್ತದೆ. ಪ್ಯಾರಾಪೆಟ್ಟಿನ ಅಂಚಿಗೆ ಗೋಣಿಚೀಲವನ್ನೂ ಹಾಸದೆ ಹಗ್ಗ ಇಳಿಬಿಟ್ಟರೆ ಅದು ಅಲ್ಲೇ ಸವೆದು ತುಂಡಾಗುತ್ತದೆ. ಹಗ್ಗ ಕಟ್ಟುವ ಕಬ್ಬಿಣದ ಕೊಂಡಿ ಹೊರಗಿನಿಂದ ಸರಿಯಾಗಿಯೇ ಕಾಣುತ್ತಿರುತ್ತದೆ, ಆದರೆ ಉಪ್ಪುಗಾಳಿಗೆ ಒಳಗೆ ತುಕ್ಕು ಹಿಡಿದಿರುತ್ತದೆ. ಒದ್ದೆಯಾದ ಉದ್ದನೆಯ ಅಲ್ಯೂಮಿನಿಯಂ ಕೋಲು ಹೆಸ್ಕಾಂ ವಿದ್ಯುತ್ ತಂತಿಗೆ ತಗಲುತ್ತದೆ. ಕಲೆ ತೆಗೆಯುವ ಆಸಿಡ್ ಮುಖಕ್ಕೆ ಸಿಡಿಯುತ್ತದೆ. ಇವುಗಳನ್ನು ತಡೆಯುವುದು ಹೇಗೆ ಎನ್ನುವುದಕ್ಕೆ ಬೇರೆಯೇ ಒಂದು ದಿನ ಬೇಕು. ಇವತ್ತಿನ ಮಾತು ಪರಿಹಾರದ ಬಗ್ಗೆ. ಮುಖ್ಯವಾಗಿ ಹೇಳಬೇಕಾದದ್ದು ಒಂದೇ: ಪರಿಹಾರದ ಪ್ರಕರಣ ಗೆಲ್ಲುವುದೋ ಸೋಲುವುದೋ ಎಂಬುದು ಮೊದಲ ಎರಡು ಮೂರು ದಿನದ ಕಾಗದದಲ್ಲೇ ಬಹುಪಾಲು ತೀರ್ಮಾನವಾಗಿರುತ್ತದೆ. ಕೋರ್ಟಿನಲ್ಲಿ ವಕೀಲರು ಎಷ್ಟೇ ಚೆನ್ನಾಗಿ ವಾದಿಸಿದರೂ ಆಸ್ಪತ್ರೆಯಲ್ಲಿ ತಪ್ಪಾಗಿ ಬರೆಸಿದ್ದನ್ನು ಅಳಿಸುವುದು ಬಹಳ ಕಷ್ಟ.

ಬಿದ್ದವರನ್ನು ಆಸ್ಪತ್ರೆಗೆ ತರುವವರು ಯಾರು? ಸಾಮಾನ್ಯವಾಗಿ ಗುತ್ತಿಗೆದಾರ ಅಥವಾ ಮೇಸ್ತ್ರಿ. ಕ್ಯಾಶುವಾಲ್ಟಿಯಲ್ಲಿ ಡಾಕ್ಟರು ‘ಏನಾಯಿತು’ ಎಂದು ಕೇಳಿದಾಗ ಉತ್ತರ ಕೊಡುವವರೂ ಅವರೇ. ‘ಮನೆಯಲ್ಲಿ ಜಾರಿ ಬಿದ್ದ’ ಅಥವಾ ‘ಬೈಕಿನಿಂದ ಬಿದ್ದ’ ಎಂದು ಹೇಳಿಬಿಡುತ್ತಾರೆ. ಪೊಲೀಸ್ ಗೋಜು ಬೇಡವೆಂದು ಕೆಲವರು, ವಾಹನ ವಿಮೆಯಿಂದ ಹಣ ಬರಲಿ ಎಂದು ಇನ್ನು ಕೆಲವರು. ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಅದೇ ದಾಖಲಾಗುತ್ತದೆ. ಆರು ತಿಂಗಳ ನಂತರ ನೀವು ‘ಮೂರನೇ ಮಹಡಿಯ ಗಾಜು ಒರೆಸುವಾಗ ಬಿದ್ದೆ’ ಎಂದು ಅರ್ಜಿ ಹಾಕಿದಾಗ ವಿಮಾ ಕಂಪನಿಯ ವಕೀಲರು ಮೊದಲು ತೆರೆಯುವುದು ಆ ಸಾಲನ್ನೇ.

ಆದ್ದರಿಂದ ಗಾಯಾಳುವಿಗೆ ಪ್ರಜ್ಞೆ ಇದ್ದರೆ ಅವರೇ, ಇಲ್ಲದಿದ್ದರೆ ಜೊತೆ ಕೆಲಸಗಾರರು ಅಥವಾ ಮನೆಯವರು ಡಾಕ್ಟರಿಗೆ ನಾಲ್ಕು ವಿಷಯ ಹೇಳಿ ಬರೆಸಬೇಕು: ಯಾವ ಕಟ್ಟಡ, ಯಾವ ಕೆಲಸ, ಎಷ್ಟು ಎತ್ತರದಿಂದ, ಎಷ್ಟು ಗಂಟೆಗೆ. ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್ ದಾಖಲೆ) ಮಾಡಿಸಿ, ಅದರ ನಂಬರ್ ಬರೆದಿಟ್ಟುಕೊಳ್ಳಿ. ಅಂದರೆ ಆಸ್ಪತ್ರೆಯಿಂದ ಪೊಲೀಸ್ ಠಾಣೆಗೆ ಮಾಹಿತಿ ಹೋಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೊಂದು ತೊಡಕಿದೆ. ತಲೆಗೋ ಬೆನ್ನುಹುರಿಗೋ ಪೆಟ್ಟಾದರೆ ಕಾರವಾರದಿಂದ ಗೋವಾದ ಬಾಂಬೋಲಿಯ ದೊಡ್ಡಾಸ್ಪತ್ರೆಗೆ, ಕುಮಟಾ, ಹೊನ್ನಾವರ, ಭಟ್ಕಳದಿಂದ ಮಣಿಪಾಲ, ಮಂಗಳೂರಿಗೆ, ಶಿರಸಿಯಿಂದ ಹುಬ್ಬಳ್ಳಿಗೆ ಕಳಿಸುತ್ತಾರೆ. ಹೀಗಾಗಿ ಕಾಗದಗಳು ಎರಡು ಮೂರು ಊರಿನಲ್ಲಿ ಚದುರಿಹೋಗುತ್ತವೆ. ಮೊದಲ ಆಸ್ಪತ್ರೆಯ ಹೊರರೋಗಿ ಚೀಟಿ ಮತ್ತು ರೆಫರ್ ಮಾಡಿದ ಪತ್ರ, ಎರಡನ್ನೂ ಹೊರಡುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಎರಡನೇ ಆಸ್ಪತ್ರೆ ಹೊರ ರಾಜ್ಯದ್ದಾದರೂ ದೂರನ್ನು ಘಟನೆ ನಡೆದ ಊರಿನ ಠಾಣೆಯಲ್ಲಿ ನೀವೇ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿನ ಪೊಲೀಸರಿಂದ ಇಲ್ಲಿಗೆ ಕಾಗದ ಬರಲಿ ಎಂದು ಕಾಯಬೇಡಿ.

ಇದೇ ಹೊತ್ತಿಗೆ ಕೆಲಸದ ಜಾಗದಲ್ಲೂ ಯಾರಾದರೂ ಒಬ್ಬರು ಇರಬೇಕು. ತುಂಡಾದ ಹಗ್ಗ, ಜಾರಿದ ಏಣಿ, ಹರಿದ ಬೆಲ್ಟು ಸಂಜೆಯೊಳಗೆ ಮಾಯವಾಗುತ್ತವೆ. ಅವು ಇದ್ದಲ್ಲಿಯೇ, ಹಿಂದೆ ಕಟ್ಟಡದ ಬೋರ್ಡು ಕಾಣುವಂತೆ ಫೋಟೊ ಬೇಕು. ಸಿಸಿಟಿವಿ ದೃಶ್ಯ ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಅದನ್ನು ಉಳಿಸಿಡಿ ಎಂದು ಕಟ್ಟಡದವರಿಗೆ ಲಿಖಿತವಾಗಿ ಕೇಳಿ. ಕೂಲಿಗೆ ಬಂದವರು ಹಾವೇರಿ, ಕೊಪ್ಪಳದ ಕಡೆಯವರಾದರೆ ವಾರದಲ್ಲಿ ಊರಿಗೆ ಹೋಗಿಬಿಡುತ್ತಾರೆ. ಕಣ್ಣಾರೆ ಕಂಡ ಇಬ್ಬರ ಹೆಸರು, ಊರು, ಫೋನ್ ನಂಬರ್ ಅಂದೇ ಬರೆದುಕೊಳ್ಳಿ.

ಇನ್ನು ಕಾನೂನು. 1923ರ ಕಾಯ್ದೆಯನ್ನು ನಾವೆಲ್ಲ ಕಾರ್ಮಿಕರ ಪರಿಹಾರ ಕಾಯ್ದೆ ಎಂದು ಕರೆಯುತ್ತಿದ್ದೆವು. 2010ರಿಂದ ಅದರ ಹೆಸರು ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಂದು 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದ ಮೇಲೆ ಈ ವಿಷಯ ಅದರ ಏಳನೇ ಅಧ್ಯಾಯಕ್ಕೆ ಸೇರಿತು. ಅದಕ್ಕೂ ಮೊದಲು ಬಿದ್ದವರ ಹಕ್ಕನ್ನು ಹಳೆಯ ಕಾಯ್ದೆಯಂತೆಯೇ ನೋಡಬೇಕು. ಲೆಕ್ಕದ ಸೂತ್ರ ಎರಡರಲ್ಲೂ ಒಂದೇ. ಸಂಹಿತೆಯಲ್ಲಿ ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ಆಗುವ ಅಪಘಾತವನ್ನೂ, ಕೆಲಸದ ಜೊತೆ ಅದರ ನಂಟು ತೋರಿಸಿದರೆ, ಸೇರಿಸಿಕೊಂಡಿದ್ದಾರೆ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮ್ಮ ಸಂಬಳದಲ್ಲಿ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಕಡಿತ ಆಗುತ್ತದೆಯೇ? 10 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇರಬೇಕು. ಸಂಬಳದಿಂದ ಹಿಡಿಯುವುದು ನೂರಕ್ಕೆ 75 ಪೈಸೆ. ಇಎಸ್‌ಐ ಇದ್ದವರು ಮಾಲೀಕರ ಮೇಲೆ ಈ ಪರಿಹಾರದ ಅರ್ಜಿ ಹಾಕುವಂತಿಲ್ಲ, ಹಣ ಇಎಸ್‌ಐನಿಂದಲೇ ಬರುತ್ತದೆ. ಕೆಲಸಕ್ಕೆ ಹೋಗಲಾಗದಷ್ಟು ದಿನ ವೇತನದ ಶೇ. 90, ಚಿಕಿತ್ಸೆ ಬೇರೆ. ನಮ್ಮ ಜಿಲ್ಲೆಯಲ್ಲಿ ದಾಂಡೇಲಿಯಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಆದರೆ ಗಾಜು ಒರೆಸುವವರಲ್ಲಿ ಹೆಚ್ಚಿನವರು ನಾಲ್ಕೈದು ಜನರ ತಂಡದಲ್ಲಿ ದಿನಗೂಲಿಗೆ ಹೋಗುವವರು. ಇನ್ನು ಮುಂದಿನ ಮಾತು ಅವರಿಗೆ.

‘ಇದು ಟೆಂಪರರಿ ಕೆಲಸ, ನಿನಗೆ ಪರಿಹಾರ ಇಲ್ಲ’ ಎಂದು ಹೇಳಿದರೆ ನಂಬಬೇಡಿ. ತಾತ್ಕಾಲಿಕ ಕೆಲಸಗಾರರನ್ನು ಹೊರಗಿಡುವ ಮಾತನ್ನು 2000ದಲ್ಲೇ ಕಾಯ್ದೆಯಿಂದ ತೆಗೆದುಹಾಕಿದ್ದಾರೆ. ಒಂದಕ್ಕಿಂತ ಹೆಚ್ಚು ಅಂತಸ್ತಿನ ಅಥವಾ ನೆಲದಿಂದ ಮಾಡಿನ ತುದಿಗೆ 12 ಅಡಿ ಅಥವಾ ಹೆಚ್ಚು ಇರುವ ಕಟ್ಟಡದ ನಿರ್ವಹಣೆ ಕೆಲಸ ಹಳೆಯ ಕಾಯ್ದೆಯ ಎರಡನೇ ಪರಿಶಿಷ್ಟದಲ್ಲೇ, ಅಂದರೆ ಕಾಯ್ದೆಯ ಕೊನೆಗೆ ಸೇರಿಸಿದ ಪಟ್ಟಿಯಲ್ಲೇ ಇದೆ. ಗುತ್ತಿಗೆದಾರನ ಬಳಿ ಹಣವಿಲ್ಲ ಎಂದರೆ ಅವನಿಗೆ ಕೆಲಸ ಕೊಟ್ಟ ಹೋಟೆಲಿನವರೂ ಹೊಣೆ. ಕೆಲಸ ಅವರ ವ್ಯವಹಾರದ ಭಾಗವಾಗಿರಬೇಕು ಮತ್ತು ಅವರ ಜಾಗದಲ್ಲೇ ನಡೆದಿರಬೇಕು, ಅಷ್ಟೇ. ಹೋಟೆಲಿಗೆ ಸ್ವಚ್ಛತೆ ವ್ಯವಹಾರದ ಭಾಗವಲ್ಲ ಎಂದು ವಾದಿಸುವುದು ಸುಲಭವಲ್ಲ. ಆದ್ದರಿಂದ ಅರ್ಜಿಯಲ್ಲಿ ಗುತ್ತಿಗೆದಾರ, ಕಟ್ಟಡದ ಮಾಲೀಕ, ವಿಮಾ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ವಿಮೆ ಮಾಡಿಸಿಲ್ಲ ಎಂಬುದು ಮಾಲೀಕರ ತೊಂದರೆ, ಅವರ ಹೊಣೆ ಅದರಿಂದ ಕಡಿಮೆಯಾಗುವುದಿಲ್ಲ. ಆದರೆ ಸ್ವಂತ ಏಣಿ, ಸ್ವಂತ ವೈಪರ್ ಹಿಡಿದು ಮನೆಮನೆಗೆ ಹೋಗಿ ತಾವೇ ದರ ಮಾತಾಡಿ ಕೆಲಸ ಮಾಡುವವರಿಗೆ ಈ ಕಾನೂನು ಸಿಗುವುದು ಕಷ್ಟ, ಯಾಕೆಂದರೆ ಅವರಿಗೆ ಮಾಲೀಕರೇ ಇಲ್ಲ. ಅಂಥವರು ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿಕೊಳ್ಳಲೇಬೇಕು. ಅಪಘಾತದಲ್ಲಿ ಸತ್ತರೆ 2 ಲಕ್ಷ. ಉಳಿದವರೂ ಮಾಡಿಸಿಕೊಳ್ಳಿ.

‘ಬೆಲ್ಟು ಹಾಕಿರಲಿಲ್ಲ, ತಪ್ಪು ಅವನದೇ’ ಎಂಬ ಮಾತು ಪ್ರತಿ ಪ್ರಕರಣದಲ್ಲೂ ಬರುತ್ತದೆ. ಕಾನೂನು ನೋಡುವುದು ಅಜಾಗ್ರತೆಯನ್ನಲ್ಲ. ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕೆಂದೇ ಮೀರಿದ್ದರೆ ಅಥವಾ ಕೊಟ್ಟ ಸುರಕ್ಷಾ ಸಾಧನವನ್ನು ಬೇಕೆಂದೇ ಬಳಸದಿದ್ದರೆ ಮಾತ್ರ ಆ ವಾದಕ್ಕೆ ಬೆಲೆ. ಬೆಲ್ಟನ್ನೇ ಕೊಡದವರು ಆ ಮಾತು ಆಡುವಂತಿಲ್ಲ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದರೆ ಈ ವಾದ ನಡೆಯುವುದೇ ಇಲ್ಲ, ಕುಡಿದಿದ್ದ ಎಂಬ ವಾದವೂ ಅಷ್ಟೇ.

ಈಗ ಲೆಕ್ಕ. 32 ವರ್ಷದ, ದಿನಕ್ಕೆ 600 ರೂಪಾಯಿ ಕೂಲಿಯ ಒಬ್ಬರನ್ನು ತೆಗೆದುಕೊಳ್ಳೋಣ. ತಿಂಗಳಿಗೆ 18,000 ಆಗುತ್ತದೆ. ಆದರೆ 2020ರ ಜನವರಿ 3ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ಮಿತಿ 15,000. ವಯಸ್ಸಿಗೆ ತಕ್ಕ ಒಂದು ಗುಣಕ ಪರಿಶಿಷ್ಟದಲ್ಲಿದೆ, 32ಕ್ಕೆ ಅದು 203.85. ಸತ್ತರೆ ವೇತನದ ಅರ್ಧ, ಅಂದರೆ 7,500ನ್ನು 203.85ರಿಂದ ಗುಣಿಸಿದರೆ 15,28,875 ರೂಪಾಯಿ. ಶಾಶ್ವತವಾಗಿ ಯಾವ ಕೆಲಸವನ್ನೂ ಮಾಡಲಾಗದಂತೆ ಆದರೆ ಶೇ. 60, ಅಂದರೆ 9,000ನ್ನು ಗುಣಿಸಿ 18,34,650. ದುಡಿಯುವ ಶಕ್ತಿಯಲ್ಲಿ ಶೇ. 30 ಹೋಯಿತು ಎಂದರೆ ಅದರ ಶೇ. 30, ಅಂದರೆ 5,50,395. ಮೂಳೆ ಮುರಿದು ಕೆಲ ಕಾಲ ಮನೆಯಲ್ಲಿ ಕೂತವರಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ವೇತನದ ಕಾಲು ಭಾಗ, ಇವರ ಲೆಕ್ಕದಲ್ಲಿ 3,750. ಕೆಲಸಕ್ಕೆ ಹೋಗಲಾಗದ ಅವಧಿ 28 ದಿನಕ್ಕಿಂತ ಕಡಿಮೆಯಾದರೆ ಮೊದಲ 3 ದಿನದ್ದು ಸಿಗುವುದಿಲ್ಲ. ಆಸ್ಪತ್ರೆಯ ನಿಜ ಖರ್ಚನ್ನು ಮಾಲೀಕರು ಬೇರೆಯಾಗಿಯೇ ಕೊಡಬೇಕು, ಹಾಗಾಗಿ ಔಷಧಿ ಅಂಗಡಿಯ ಸಣ್ಣ ಬಿಲ್ಲನ್ನೂ ಎಸೆಯಬೇಡಿ. ಕೂಲಿಗೆ ಚೀಟಿ ಇಲ್ಲದಿದ್ದರೆ ಫೋನ್‌ಪೇ, ಗೂಗಲ್‌ಪೇಯಲ್ಲಿ ಬಂದ ಹಣದ ವಿವರ, ‘ನಾಳೆ ಎಂಟಕ್ಕೆ ಬಾ’ ಎಂಬ ವಾಟ್ಸಾಪ್ ಸಂದೇಶ ಇವೇ ಸಾಕ್ಷಿ. ಬ್ಯಾಂಕ್ ಸ್ಟೇಟ್‌ಮೆಂಟಿಗೆ ಮುದ್ರೆ ಹಾಕಿಸಿಕೊಳ್ಳಿ.

ಈ ಶೇಕಡಾವಾರಿನಲ್ಲೇ ಹೆಚ್ಚಿನವರು ನಷ್ಟ ಮಾಡಿಕೊಳ್ಳುತ್ತಾರೆ. ಹೆಬ್ಬೆರಳು ಹೋದರೆ ಶೇ. 30, ಇನ್ನೊಂದು ಸರಿಯಿದ್ದು ಒಂದು ಕಣ್ಣು ಹೋದರೆ ಶೇ. 40 ಎಂದು ಪರಿಶಿಷ್ಟವೇ ಹೇಳುತ್ತದೆ. ಆದರೆ ಎತ್ತರದಿಂದ ಬಿದ್ದವರ ಗಾಯ, ಅಂದರೆ ಹಿಮ್ಮಡಿ ಮೂಳೆ ಪುಡಿಯಾಗುವುದು, ಸೊಂಟ, ಬೆನ್ನುಮೂಳೆ ಮುರಿಯುವುದು, ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಅಲ್ಲಿ ಡಾಕ್ಟರು ದುಡಿಯುವ ಶಕ್ತಿ ಎಷ್ಟು ಕುಂದಿದೆ ಎಂದು ಅಳೆದು ಹೇಳಬೇಕು. ಬಹಳ ಸಲ ಅವರು ‘ಕಾಲಿನ ಅಂಗವೈಕಲ್ಯ ಶೇ. 20’ ಎಂದಷ್ಟೇ ಬರೆದು ಕೊಡುತ್ತಾರೆ. ಅದು ಕಾಲಿನ ಲೆಕ್ಕವಾಯಿತು, ದುಡಿಮೆಯ ಲೆಕ್ಕವಲ್ಲ. ಹಿಮ್ಮಡಿ ಮಡಚದವರು ಗುಮಾಸ್ತಿಕೆ ಮಾಡಬಹುದು, ಏಣಿ ಹತ್ತಲಾರರು. ‘ಏಣಿ ಹತ್ತುವುದು, ಕುಕ್ಕರಗಾಲಲ್ಲಿ ಕೂರುವುದು, ಬಕೆಟ್ ಹೊತ್ತು ಮೆಟ್ಟಿಲೇರುವುದು ಈತನಿಗೆ ಸಾಧ್ಯವೇ’ ಎಂದು ಡಾಕ್ಟರನ್ನು ಕೇಳಿ, ಉತ್ತರವನ್ನು ಪ್ರಮಾಣಪತ್ರದಲ್ಲೇ ಬರೆಸಿ. 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳ ಪೀಠ, ಎಡಗೈಯನ್ನು ಮೊಣಕೈ ಮೇಲಿನಿಂದ ಕಳೆದುಕೊಂಡ ಬಡಗಿಯೊಬ್ಬರ ನಷ್ಟವನ್ನು ಶೇ. 100 ಎಂದೇ ಎತ್ತಿಹಿಡಿಯಿತು. ಒಂದು ಕೈಯಲ್ಲಿ ಬಡಗಿ ಕೆಲಸ ಆಗದು ಎಂಬುದೇ ಅಲ್ಲಿನ ಕಾರಣ. ಪರಿಹಾರ ಬಾಕಿಯಾಗುವುದು ತೀರ್ಪಿನ ದಿನದಿಂದಲ್ಲ, ಅಪಘಾತದ ದಿನದಿಂದ ಎಂದು ಹೇಳಿದ್ದೂ ಅದೇ ತೀರ್ಪು.

ಆ ಕೊನೆಯ ಮಾತಿಗೆ ಹಣದ ಬೆಲೆಯಿದೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ಮೊತ್ತದ ಅರ್ಧದವರೆಗೆ ದಂಡ. ದಂಡವೂ ಕಾರ್ಮಿಕರಿಗೇ ಸೇರುತ್ತದೆ. ಅರ್ಜಿಯಲ್ಲಿ ಎರಡನ್ನೂ ಮರೆಯದೆ ಕೇಳಿ.

ಮಾಲೀಕರಿಗೆ ನೋಟಿಸನ್ನು ಆದಷ್ಟು ಬೇಗ ಕೊಡಿ. ಹೆಸರು, ವಿಳಾಸ, ದಿನ, ಜಾಗ, ಗಾಯದ ಕಾರಣ ಇಷ್ಟಿದ್ದರೆ ಸಾಕು. ರಿಜಿಸ್ಟ್ರೇಷನ್ ಸೇರಿಸಿದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ನೋಟಿಸ್ ಮುಟ್ಟಿದ 3 ದಿನದೊಳಗೆ ಅವರು ತಮ್ಮ ಖರ್ಚಿನಲ್ಲಿ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸುತ್ತೇವೆ ಎಂದರೆ ಹೋಗಿ, ನಿರಾಕರಿಸಿದರೆ ಹಕ್ಕು ತಡೆಯಾಗುತ್ತದೆ. ಅರ್ಜಿಯನ್ನು 2 ವರ್ಷ ದಾಟಿಸಬೇಡಿ. ಕರ್ನಾಟಕದಲ್ಲಿ ಹಳೆಯ ಕಾಯ್ದೆಯಲ್ಲಿ ಪರಿಹಾರ ತೀರ್ಮಾನಿಸುವ ಆಯುಕ್ತರ ಕೆಲಸ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ನಡೆಯುತ್ತದೆ, ಸಂಹಿತೆಯಲ್ಲಿ ಇದೇ ಸ್ಥಾನವನ್ನು ಸಕ್ಷಮ ಪ್ರಾಧಿಕಾರ ಎನ್ನುತ್ತಾರೆ. ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಊರಿನಲ್ಲೂ ಹಾಕಬಹುದು. ಮಡಗಾಂವಿನಲ್ಲಿ ಕೆಲಸ ಮಾಡುವಾಗ ಬಿದ್ದ ಕಾರವಾರದ ಹುಡುಗ ಕಾರವಾರದಲ್ಲೇ ಹಾಕಬಹುದು, ಗೋಕರ್ಣದಲ್ಲಿ ಬಿದ್ದ ಹಾವೇರಿಯವರು ಹಾವೇರಿಯಲ್ಲಿ. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಕೂರಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ಬಡತನದ ಮೇಲೆ ಉಳಿದವರಿಗೂ ಸಿಗುತ್ತದೆ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ಕೋರ್ಟಿನಲ್ಲಿ ಸಮಿತಿ ಇದೆ. ಸಹಾಯವಾಣಿ 15100. ಅರ್ಜಿ ಯಾರ ಮುಂದೆ ಹಾಕಬೇಕು ಎಂಬುದನ್ನೂ ಅಲ್ಲಿಯೇ ಖಚಿತ ಮಾಡಿಕೊಳ್ಳಿ.

ರಾಜಿಯ ಬಗ್ಗೆ ಎಚ್ಚರದಿಂದಿರಿ. ಆಸ್ಪತ್ರೆಯ ಹಾಸಿಗೆಯ ಹತ್ತಿರವೇ ಐವತ್ತು ಸಾವಿರ ಹಿಡಿದು, ಛಾಪಾ ಕಾಗದದ ಮೇಲೆ ‘ಇನ್ನೇನೂ ಕೇಳುವುದಿಲ್ಲ’ ಎಂದು ಬರೆಸಿಕೊಳ್ಳಲು ಬರುತ್ತಾರೆ. ಹಕ್ಕನ್ನು ಬಿಟ್ಟುಕೊಟ್ಟೆ ಎಂಬ ಅಂಥ ಬರಹಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಒಮ್ಮೆಗೇ ಕೊಟ್ಟು ಮುಗಿಸುವ ಒಪ್ಪಂದ ಆಯುಕ್ತರ ಮುಂದೆ ನೋಂದಣಿ ಆಗಬೇಕು. ಸಾವಿನ ಪರಿಹಾರವನ್ನಂತೂ ಮನೆಗೆ ತಂದು ಕೊಡುವಂತೆಯೇ ಇಲ್ಲ, ಆಯುಕ್ತರಲ್ಲಿ ಠೇವಣಿ ಇಡಬೇಕು. ಮನೆಯವರಿಗೆ ನೇರವಾಗಿ ಕೊಟ್ಟದ್ದರಲ್ಲಿ ಮೂರು ತಿಂಗಳ ವೇತನದಷ್ಟು ಮುಂಗಡ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆದರೂ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಅದರ ಮೇಲೆ ‘ಈತ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’ ಎಂದು ಬರೆದುಕೊಂಡರೆ ಅದನ್ನು ಸುಳ್ಳೆಂದು ತೋರಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ.

ತೀರ್ಪು ಬಂದ ಮೇಲೆ ಮಾಲೀಕರು ಹೈಕೋರ್ಟಿಗೆ ಹೋಗಬಹುದು, 60 ದಿನದೊಳಗೆ. ಆದರೆ ಮೊದಲು ತೀರ್ಪಿನ ಹಣವನ್ನು ಠೇವಣಿ ಇಟ್ಟೇ ಹೋಗಬೇಕು. ಮೇಲ್ಮನವಿಯನ್ನೂ ಹಾಕದೆ, ಹಣವನ್ನೂ ಕೊಡದೆ ಕೂತರೆ ಆ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು. ಅದಕ್ಕೆ ನೀವು ಬೇರೆ ಅರ್ಜಿ ಹಾಕಬೇಕು. ಆಗ ಮಾಲೀಕರ ಜಮೀನಿನ ಸರ್ವೆ ನಂಬರ್, ಕಟ್ಟಡದ ಪಂಚಾಯತಿ ಅಥವಾ ನಗರಸಭೆ ನಂಬರ್, ವಾಹನದ ನಂಬರ್ ಕೊಟ್ಟರೆ ಕೆಲಸ ಮುಂದೆ ಹೋಗುತ್ತದೆ, ಇಲ್ಲವಾದರೆ ಫೈಲು ಅಲ್ಲೇ ನಿಲ್ಲುತ್ತದೆ. ಪ್ರಕರಣ ನಡೆಯುತ್ತಿರುವಾಗಲೇ ಪಹಣಿ ತೆಗೆಸಿ ಇಟ್ಟುಕೊಂಡಿರಿ.